ಮರೆ ಇಲ್ಲದ ನೆಲ

“ಮಾವ, ಇಲ್ಲಿ ಯಾರಿದ್ದಾರೆ ಅಂತ ಇಷ್ಟೊಂದು ಯೋಚನೆ? ಕಣ್ಣು ಹಾಯುವಷ್ಟು ದೂರ ಒಂದು ನರಪಿಳ್ಳೆ ಇಲ್ಲ” ಎಂದ ನನ್ನ ಸೋದರಳಿಯ. ಅವನ ಅಂಗೈ ಮೇಲೆ ಹೊಸ ಡ್ರೋನ್ ಕೈಕಾಲು ಮಡಚಿಕೊಂಡು ಕೂತಿತ್ತು. ಮಾರ್ಚ್ ತಿಂಗಳ ಬೆಳಗಿನ ಜಾವ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ ಮೆಸ್ಕೀಟ್ ಫ್ಲಾಟ್ ಎಂಬ ಮರಳುದಿಬ್ಬಗಳ ಮುಂದೆ ಕಾರು ನಿಲ್ಲಿಸಿದ್ದೆವು. ಮುಂದೆ ಮರಳು, ಆಚೆ ಬೋಳು ಬೆಟ್ಟ, ಮೇಲೆ ಖಾಲಿ ಆಕಾಶ. ಲಾಸ್ ಏಂಜಲೀಸಿನ ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಡ್ರೋನ್ ಹಾರಿಸಲಾಗದೆ ಎರಡು ತಿಂಗಳು ಚಡಪಡಿಸಿದ್ದ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಜಾಗ ಕಾಣುವುದಾದರೂ ಹೇಗೆ?

ಇದು ರಾಷ್ಟ್ರೀಯ ಉದ್ಯಾನ, ಹಾರಿಸುವಂತಿಲ್ಲ ಎಂದೆ. “ಇದು 249 ಗ್ರಾಂ ಮಾವ, ಇದಕ್ಕೆ ರೂಲ್ಸ್ ಇಲ್ಲ” ಎಂದ.

ಅವನ ಮಾತಿನಲ್ಲಿ ಕಾಲು ಭಾಗ ನಿಜವಿತ್ತು. ಅಮೆರಿಕದಲ್ಲಿ ಹವ್ಯಾಸಕ್ಕೆ ಹಾರಿಸುವ ಡ್ರೋನ್ 250 ಗ್ರಾಂ ಮುಟ್ಟಿದರೆ ನೋಂದಣಿ ಮಾಡಿಸಬೇಕು, ಅದಕ್ಕಿಂತ ಕಡಿಮೆಯಾದರೆ ಬೇಡ. ಆ ಒಂದು ಗ್ರಾಂ ಉಳಿಸಲೆಂದೇ ಕಾರ್ಖಾನೆಯ ಎಂಜಿನಿಯರುಗಳು ಸ್ಕ್ರೂ ಸ್ಕ್ರೂ ತೂಗಿ ನೋಡುತ್ತಾರೆ. ಜಪಾನಿನಲ್ಲಿ ಮಿತಿ 200 ಗ್ರಾಂ ಇದ್ದ ಕಾಲದಲ್ಲಿ ಇದೇ ಜಾತಿಯ ಡ್ರೋನನ್ನು ಚಿಕ್ಕ ಬ್ಯಾಟರಿ ಹಾಕಿ 199 ಗ್ರಾಂಗೆ ಇಳಿಸಿ ಅಲ್ಲಿ ಮಾರಿದರು. ನೂರು ರೂಪಾಯಿಯ ಚಪ್ಪಲಿಗೆ ತೊಂಬತ್ತೊಂಬತ್ತರ ಚೀಟಿ ಅಂಟಿಸುವ ನಮ್ಮ ಅಂಗಡಿಯವರ ಬುದ್ಧಿಯೇ ಇದು. ಆದರೆ ರಿಯಾಯಿತಿ ನೋಂದಣಿಗೆ ಮಾತ್ರ. ಆನ್‌ಲೈನಿನಲ್ಲಿ ಪುಕ್ಕಟೆ ಬರೆಯುವ ಸುರಕ್ಷತಾ ಪರೀಕ್ಷೆ, ಕಣ್ಣಳತೆಯಲ್ಲೇ ಹಾರಿಸಬೇಕೆಂಬ ಕಟ್ಟಳೆ, ನೆಲದಿಂದ 400 ಅಡಿ, ಅಂದರೆ ಸುಮಾರು 120 ಮೀಟರಿನ ಮೇಲ್ಮಿತಿ, ಇವೆಲ್ಲ ಹಗುರ ಡ್ರೋನಿಗೂ ಅನ್ವಯ. ರಾಷ್ಟ್ರೀಯ ಉದ್ಯಾನಗಳ ನಿಷೇಧವಂತೂ ತಕ್ಕಡಿಯನ್ನೇ ಕೇಳುವುದಿಲ್ಲ. ಸಿಕ್ಕಿಬಿದ್ದರೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು.

ತೂಕ ಕಡಿಮೆ ಎಂದರೆ ತಲೆ ಮೇಲೆ ಬಿದ್ದಾಗ ಆಗುವ ಗಾಯ ಕಡಿಮೆ, ಅಷ್ಟೆ. ಸದ್ದಿಗೆ, ನೆರಳಿಗೆ, ಹುಟ್ಟಿಸುವ ದಿಗಿಲಿಗೆ ಗ್ರಾಂ ಲೆಕ್ಕವಿಲ್ಲ.

ಹುಡುಗ ಕೇಳಿದ ‘ಇಲ್ಲಿ ಯಾರಿದ್ದಾರೆ’ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಮರುಭೂಮಿಯನ್ನು ನಾವು ಖಾಲಿ ಎಂದುಕೊಳ್ಳುವುದು ಅಲ್ಲಿ ಮರೆ ಇಲ್ಲದ್ದಕ್ಕೆ. ಪಶ್ಚಿಮಘಟ್ಟದ ಕಾಡಿನಲ್ಲಿ ಹತ್ತು ಅಡಿ ಆಚೆ ಕಾಟಿ ನಿಂತಿದ್ದರೂ ಕಾಣದು, ಆದರೂ ಕಾಡು ತುಂಬಿದೆ ಎಂದು ನಂಬುತ್ತೇವೆ. ಇಲ್ಲಿ ಹತ್ತು ಕಿಲೋಮೀಟರ್ ಒಟ್ಟಿಗೆ ಕಾಣುತ್ತದೆ, ಏನೂ ಇಲ್ಲ ಎಂದು ತೀರ್ಮಾನಿಸುತ್ತೇವೆ. ಮರೆ ಇಲ್ಲದಿರುವುದು ನಮ್ಮ ಕಣ್ಣಿಗೆ ಅನುಕೂಲ. ಅಲ್ಲಿ ಬದುಕುವ ಜೀವಕ್ಕೆ ಅದೇ ಕಷ್ಟ, ಹಾರುವ ಯಂತ್ರಕ್ಕೂ ಅದೇ ಕಷ್ಟ.

*

ಉದ್ಯಾನಗಳ ಈ ನಿಷೇಧ ಹುಟ್ಟಿದ್ದು 2014ರ ಜೂನ್‌ನಲ್ಲಿ. ಹಿಂದಿನ ವರ್ಷ ಮೌಂಟ್ ರಶ್‌ಮೋರ್‌ನ ಬಯಲು ರಂಗಮಂದಿರದಲ್ಲಿ ಕೂತಿದ್ದ ಜನರ ತಲೆ ಮೇಲೆ ಯಾರೋ ಡ್ರೋನ್ ಹಾರಿಸಿದ್ದರು. 2014ರ ಏಪ್ರಿಲ್‌ನಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ ಸೂರ್ಯಾಸ್ತ ನೋಡುತ್ತ ಸುಮ್ಮನೆ ಕೂತಿದ್ದವರ ಮುಂದೆ ಇನ್ನೊಂದು ಡ್ರೋನ್ ಗುಂಯ್‌ಗುಟ್ಟುತ್ತ ಅತ್ತಿತ್ತ ಓಡಾಡಿ ಕಡೆಗೆ ಕಣಿವೆಗೇ ಬಿತ್ತು. ಅದೇ ತಿಂಗಳು ಯೂಟಾ ರಾಜ್ಯದ ಜಾಯನ್ ಉದ್ಯಾನದಲ್ಲಿ ನಡೆದದ್ದು ಇವೆರಡಕ್ಕಿಂತ ಗಂಭೀರ. ಬಿಗ್‌ಹಾರ್ನ್ ಎಂಬ ಕಾಡುಕುರಿಗಳ ಹಿಂಡಿನ ಹತ್ತಿರ ಡ್ರೋನ್ ಬಂದಾಗ ಹಿಂಡು ಚೆದುರಿ, ಮರಿಗಳು ದೊಡ್ಡ ಕುರಿಗಳಿಂದ ಬೇರ್ಪಟ್ಟಿದ್ದನ್ನು ಉದ್ಯಾನದ ಸ್ವಯಂಸೇವಕರು ಕಣ್ಣಾರೆ ಕಂಡರು.

ಕುರಿ ಹೆದರುವುದರಲ್ಲಿ ಏನು ವಿಶೇಷ ಎನ್ನಬಹುದು. ಈ ಕುರಿಯ ಬದುಕು ಗೊತ್ತಾದರೆ ಹಾಗನ್ನುವುದಿಲ್ಲ. ಅದಕ್ಕೆ ಅಡಗಲು ಪೊದೆಯಿಲ್ಲ, ಓಡಿ ಗೆಲ್ಲುವ ಜಿಂಕೆಯ ಕಾಲೂ ಇಲ್ಲ. ಅದರ ಭರವಸೆ ಎರಡೇ: ಬಹು ದೂರ ಕಾಣುವ ಕಣ್ಣು, ಕಡಿದಾದ ಬಂಡೆಯ ಮೇಲೆ ನಿಲ್ಲುವ ಗೊರಸು. ಅಪಾಯ ಕಂಡೊಡನೆ ಬಂಡೆ ಏರುತ್ತದೆ. ತೋಳದಂಥ ಪ್ರಾಣಿಗಳಿಗೆ ಈ ಉಪಾಯ ಸಾಕು. ಮೇಲಿನಿಂದ ಎರಗುವ ಹೊನ್ನಹದ್ದಿಗೆ ಸಾಲದು, ಮರಿಗಳನ್ನು ಅದು ಬಂಡೆಯ ಮೇಲಿಂದಲೇ ಎತ್ತಬಲ್ಲದು. ಹಾಗಾಗಿ ಆಕಾಶದಿಂದ ಹತ್ತಿರ ಬರುವ ಯಾವುದೇ ವಸ್ತು ತಾಯಿಕುರಿಗೆ ಕುತೂಹಲದ ವಿಷಯವಲ್ಲ. ಮರಿ ಹಾಕುವ ಕಾಲ ಚಳಿಗಾಲದ ಕೊನೆಯಿಂದ ವಸಂತದವರೆಗೆ. ಪ್ರವಾಸಿಗರು ಮರುಭೂಮಿಗೆ ಬರುವುದೂ ಆಗಲೇ, ಹವೆ ಹಿತವಾಗಿರುತ್ತದಲ್ಲ. ಬೇಸಿಗೆಯಲ್ಲಿ ಕುರಿಗಳು ನೀರಿನ ಒರತೆಗೆ ಇಳಿಯುವ ಹೊತ್ತಿನಲ್ಲಿ ಒಮ್ಮೆ ಬೆದರಿದರೆ ಬಾಯಾರಿಕೆಯಲ್ಲೇ ಮತ್ತೆ ಬೆಟ್ಟ ಏರಬೇಕು. ಅಲ್ಲಿ ಬೆವರಿನ ಒಂದೊಂದು ಹನಿಗೂ ಲೆಕ್ಕವಿದೆ.

“ನಾನು ಹಾರಿಸಿದಾಗ ಪ್ರಾಣಿ ಕದಲಲೇ ಇಲ್ಲ, ಅದಕ್ಕೇನೂ ಆಗಲಿಲ್ಲ” ಎಂದು ಹೇಳುವವರುಂಟು. ಇದಕ್ಕೆ ಉತ್ತರ ಸಿಕ್ಕಿದ್ದು ಕರಡಿಯ ಎದೆಯೊಳಗೆ. ಅಮೆರಿಕದ ಮಿನೆಸೋಟದಲ್ಲಿ ಕಪ್ಪು ಕರಡಿಗಳ ಎದೆಬಡಿತ ದಾಖಲಿಸುವ ಪುಟ್ಟ ಉಪಕರಣವನ್ನು ಚರ್ಮದಡಿ ಕೂರಿಸಿ, ಅವುಗಳ ಮೇಲೆ ಡ್ರೋನ್ ಹಾರಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬಹುತೇಕ ಕರಡಿಗಳು ಎದ್ದು ಓಡಲಿಲ್ಲ. ಎದೆ ಮಾತ್ರ ಓಡಿತು. ಒಂದರ ಬಡಿತವಂತೂ ನಿಮಿಷಕ್ಕೆ 123ರಷ್ಟು ಏರಿತ್ತು. ಹೊರಗೆ ಕಲ್ಲಿನಂತೆ ಕೂತಿದ್ದ ಪ್ರಾಣಿ ಒಳಗೆ ಓಟದ ಸಿದ್ಧತೆಯಲ್ಲಿತ್ತು.

ಹಕ್ಕಿಗಳ ಕುರಿತು ಅದೇ ವರ್ಷ ದಕ್ಷಿಣ ಫ್ರಾನ್ಸಿನಿಂದ ಬಂದ ಇನ್ನೊಂದು ವರದಿ ನನಗೆ ಇನ್ನೂ ಉಪಯುಕ್ತ ಎನಿಸುತ್ತದೆ. ಬಾತುಕೋಳಿ, ರಾಜಹಂಸ, ಗೊರವಗಳ ಕಡೆಗೆ 204 ಸಲ ಡ್ರೋನ್ ಕಳಿಸಿದರು. ಐದರಲ್ಲಿ ನಾಲ್ಕು ಸಲ ಡ್ರೋನ್ 4 ಮೀಟರಿನಷ್ಟು ಹತ್ತಿರ ಹೋದರೂ ಹಕ್ಕಿಗಳ ನಡವಳಿಕೆ ಬದಲಾಗಲಿಲ್ಲ. ಡ್ರೋನಿನ ಬಣ್ಣ, ವೇಗಗಳಿಂದಲೂ ವ್ಯತ್ಯಾಸವಾಗಲಿಲ್ಲ. ವ್ಯತ್ಯಾಸವಾದದ್ದು ಕೋನದಿಂದ. ಓರೆಯಾಗಿ ಬಂದದ್ದನ್ನು ಸಹಿಸಿದ ಹಕ್ಕಿಗಳು ನೆತ್ತಿಯ ಮೇಲಿಂದ ನೇರ ಇಳಿದದ್ದನ್ನು ಸಹಿಸಲಿಲ್ಲ. ಬೇಟೆಹಕ್ಕಿ ಎರಗುವ ದಿಕ್ಕು ಅದು. ನಮ್ಮ ಹವ್ಯಾಸಿಗಳು ಅತಿ ಹೆಚ್ಚು ಇಷ್ಟಪಡುವ ಚಿತ್ರವೂ ಅದೇ, ನೆತ್ತಿಯ ಮೇಲಿಂದ ಲಂಬವಾಗಿ ಇಳಿಯುತ್ತ ತೆಗೆಯುವುದು!

ಆ ಫ್ರೆಂಚ್ ಹಕ್ಕಿಗಳ ಧೈರ್ಯ ನೋಡಿ ಹಿಗ್ಗಬೇಕಿಲ್ಲ. ಮೊಟ್ಟೆಯ ಮೇಲೆ ಕೂತ ಹಕ್ಕಿಯ ಲೆಕ್ಕ ಬೇರೆ. 2021ರ ಮೇ ತಿಂಗಳಲ್ಲಿ ಇದೇ ಕ್ಯಾಲಿಫೋರ್ನಿಯಾದ ಕರಾವಳಿಯ ಬೋಲ್ಸಾ ಚೀಕಾ ಎಂಬ ರಕ್ಷಿತ ಜೌಗಿನಲ್ಲಿ ಮರಳಿನ ಮೇಲೆ ಗೂಡುಕಟ್ಟಿದ್ದ ರೀವ ಹಕ್ಕಿಗಳ ನಡುವೆ ಒಂದು ಡ್ರೋನ್ ಬಿತ್ತು. ಇಡೀ ವಸಾಹತೇ ಎದ್ದು ಹಾರಿತು, ಮತ್ತೆ ಬರಲಿಲ್ಲ. ಸಾವಿರಕ್ಕೂ ಹೆಚ್ಚು ಮೊಟ್ಟೆಗಳು ಬಯಲಲ್ಲಿ ಹಾಗೇ ಉಳಿದವು.

ನೆಲದ ಮೇಲೆ, ಮರೆ ಇಲ್ಲದೆ ಮೊಟ್ಟೆಯಿಡುವ ಹಕ್ಕಿ ಎಂದಾಗ ನಮ್ಮವರಿಗೆ ನೆನಪಾಗಬೇಕಾದದ್ದು ಎರ್ಲಡ್ಡು, ಇಂಗ್ಲಿಷಿನ ಗ್ರೇಟ್ ಇಂಡಿಯನ್ ಬಸ್ಟರ್ಡ್. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಕೈಬೆರಳೆಣಿಕೆಯಷ್ಟು ಉಳಿದಿವೆ. ಅವುಗಳ ದೊಡ್ಡ ಆಸರೆ ಇರುವುದು ರಾಜಸ್ಥಾನದ ಜೈಸಲ್ಮೇರ್ ಸೀಮೆಯ ಡೆಸರ್ಟ್ ನ್ಯಾಷನಲ್ ಪಾರ್ಕ್‌ನಲ್ಲಿ. ಸಾಮಾನ್ಯವಾಗಿ ವರ್ಷಕ್ಕೊಂದೇ ಮೊಟ್ಟೆ, ಅದೂ ಬರಿನೆಲದಲ್ಲಿ. ಮುಂದಿನದನ್ನು ಸರಿಯಾಗಿ ಕಾಣದ ಕಣ್ಣಿನ ರಚನೆಯಿಂದಾಗಿ ಹಾರುವಾಗ ವಿದ್ಯುತ್ ತಂತಿಗೇ ಡಿಕ್ಕಿ ಹೊಡೆದು ಸಾಯುವ ಹಕ್ಕಿ ಇದು. ಪಾಕಿಸ್ತಾನದ ಗಡಿಗೆ ಅಂಟಿದ ಆ ಸೀಮೆಯಲ್ಲಿ ಮೋಜಿಗೆ ಡ್ರೋನ್ ಹಾರಿಸುವ ಮಾತೇ ಏಳಬಾರದು. ನಮ್ಮಲ್ಲಿ 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ನಕ್ಷೆಯಲ್ಲಿ ಗುರುತಿಸಿದ್ದಾರೆ. ಹಾರಿಸುವ ಮುನ್ನ ಡಿಜಿಟಲ್ ಸ್ಕೈ ನಕ್ಷೆ ತೆರೆದು ನೋಡುವುದು ಎರಡು ನಿಮಿಷದ ಕೆಲಸ. ನೋಡುವವರು ಎಷ್ಟು ಜನ ಎಂಬುದು ನಮ್ಮ ಮದುವೆ ಮಂಟಪಗಳ ಮೇಲಿನ ಆಕಾಶ ನೋಡಿದರೆ ತಿಳಿಯುತ್ತದೆ.

*

ಇನ್ನು ಸದ್ದು. ಆ ಬೆಳಗ್ಗೆ ದಿಬ್ಬದ ಮೇಲೆ ಕೂತಾಗ ನನಗೆ ಕೇಳಿಸಿದ್ದು ನನ್ನದೇ ಜಾಕೆಟ್ಟಿನ ಸರಪರ. ಎಲೆಯಿಲ್ಲ, ನೀರಿಲ್ಲ, ಜೀರುಂಡೆಯಿಲ್ಲ. ಗಾಳಿ ಬಿದ್ದ ಮರುಭೂಮಿಯ ಮೌನ 20 ಡೆಸಿಬೆಲ್ ಆಸುಪಾಸಿಗೆ ಇಳಿಯಬಲ್ಲದು. ಡ್ರೋನ್ 10 ಮೀಟರ್ ದೂರದಲ್ಲಿ 60 ಡೆಸಿಬೆಲ್ ಸದ್ದು ಮಾಡುತ್ತದೆ ಎಂದುಕೊಳ್ಳೋಣ. ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ: 20 ಮೀಟರಿಗೆ 54, 40ಕ್ಕೆ 48, ನೂರು ಮೀಟರಿಗೆ 40. ಬೆಂಗಳೂರಿನ ಓಣಿಯಲ್ಲಾದರೆ ಇಷ್ಟರಲ್ಲೇ ಅದು ಆಟೋ, ಕುಕ್ಕರ್, ಟೀವಿಗಳ ಗದ್ದಲದಲ್ಲಿ ಮುಳುಗಿ ಹೋಗಿರುತ್ತದೆ. ಇಲ್ಲಿ ಅದನ್ನು ಮುಳುಗಿಸುವವರಿಲ್ಲ. ಬರೀ ಲೆಕ್ಕದ ಪ್ರಕಾರ 20ಕ್ಕೆ ಇಳಿಯಲು ಒಂದು ಕಿಲೋಮೀಟರ್ ಬೇಕು. ಗಾಳಿ ಒಂದಿಷ್ಟು ನುಂಗುವುದರಿಂದ ನಿಜದಲ್ಲಿ ಅಷ್ಟು ದೂರ ಹೋಗದು, ಆದರೂ ಕೆಲವು ನೂರು ಮೀಟರ್ ಸುತ್ತಮುತ್ತ ಅದೇ ರಾಜ. ಎರಡು ಅಲಗಿನ ರೆಕ್ಕೆ ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಗಾಳಿಯನ್ನು ಸೆಕೆಂಡಿಗೆ 333 ಸಲ ಬಡಿಯುತ್ತದೆ. ನಾಲ್ಕು ಮೋಟಾರುಗಳು ಒಂದಕ್ಕಿಂತ ಒಂದು ಚೂರು ಹೆಚ್ಚು ಕಡಿಮೆ ತಿರುಗುವುದರಿಂದ ಆ ಸ್ವರ ಒಂದೇ ಸಮ ನಡುಗುತ್ತದೆ. ಕಿವಿ ಹತ್ತಿರ ಸುಳಿಯುವ ಕಣಜದಂತೆ ಅದನ್ನು ಮರೆಯಲು ಬಿಡುವುದಿಲ್ಲ. ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ಜನರಿಗೆ ಡ್ರೋನಿನ ಸದ್ದು, ರಸ್ತೆಯ ವಾಹನದ ಸದ್ದು ಎರಡನ್ನೂ ಕೇಳಿಸಿದಾಗ, ಅಷ್ಟೇ ಜೋರಿನ ವಾಹನಕ್ಕಿಂತ ಡ್ರೋನೇ ಹೆಚ್ಚು ಕಿರಿಕಿರಿ ಎಂದರು ಜನ. 2017ರ ಫಲಿತಾಂಶ ಅದು.

ಹುಡುಗ ಮುಖ ಊದಿಸಿಕೊಂಡು ಡ್ರೋನನ್ನು ಚೀಲಕ್ಕೆ ಹಾಕಿದ. ಮರುದಿನ ಉದ್ಯಾನದ ಹೊರಗೆ ಹಾರಿಸಲು ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟೆ. ಹೊರಗೆ ಹೋಗುವುದೂ ಸಣ್ಣ ಕೆಲಸವಲ್ಲ. ಡೆತ್ ವ್ಯಾಲಿ ನಮ್ಮ ಬೆಳಗಾವಿ ಜಿಲ್ಲೆಯಷ್ಟು ದೊಡ್ಡದು, ಸುತ್ತ ಬೇಲಿಯಿಲ್ಲ. ಆಚೆಯ ನೆಲ ಹೆಚ್ಚಾಗಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ಗೆ ಸೇರಿದ್ದು. ಅಲ್ಲಿ ಹವ್ಯಾಸಿಗಳು ಸಾಮಾನ್ಯವಾಗಿ ಹಾರಿಸಬಹುದು, ಆದರೆ 1964ರ ಕಾನೂನಿನಡಿ ‘ವಿಲ್ಡರ್‌ನೆಸ್’ ಎಂದು ಗುರುತಿಸಿದ ತುಂಡುಗಳಲ್ಲಿ ಯಂತ್ರ ಏರಿಸುವಂತಿಲ್ಲ, ಇಳಿಸುವಂತಿಲ್ಲ. ನಕ್ಷೆಯಲ್ಲಿ ಈ ತುಂಡುಗಳು ಕೌದಿಯಂತೆ ಹೊಲಿದುಕೊಂಡಿವೆ. ಜತೆಗೆ ಸೇನೆಯ ವಿಮಾನಗಳಿವೆ. ಡೆತ್ ವ್ಯಾಲಿಯ ಪಶ್ಚಿಮದ ರೇನ್‌ಬೋ ಕ್ಯಾನ್ಯನ್‌ನಲ್ಲಿ ಯುದ್ಧವಿಮಾನಗಳು ಎಷ್ಟು ಕೆಳಗೆ ಹಾರುತ್ತಿದ್ದವೆಂದರೆ ಅಂಚಿನಲ್ಲಿ ನಿಂತವರು ಪೈಲಟ್ಟನ್ನು ಬಗ್ಗಿ ನೋಡುತ್ತಿದ್ದರು. 2019ರ ಜುಲೈ 31ರಂದು ಅಲ್ಲೊಂದು ವಿಮಾನ ಬಂಡೆಗೆ ಅಪ್ಪಳಿಸಿ ಪೈಲಟ್ ತೀರಿಕೊಂಡ, ನೋಡುತ್ತಿದ್ದ ಏಳು ಜನಕ್ಕೆ ಗಾಯವಾಯಿತು. ದೊಡ್ಡ ವಿಮಾನಗಳು 400 ಅಡಿಗಿಂತ ಮೇಲೇ ಇರುತ್ತವೆಂಬ ನಂಬಿಕೆ ಇಂಥ ಕಡೆ ಕೈಕೊಡುತ್ತದೆ. ಜೆಟ್ಟಿನ ಸದ್ದು ನಮಗೆ ತಲುಪುವಷ್ಟರಲ್ಲಿ ಜೆಟ್ ತಲುಪಿರುತ್ತದೆ.

*

ಮರುದಿನ ಆಗ್ನೇಯಕ್ಕೆ 127ನೇ ಹೆದ್ದಾರಿ ಹಿಡಿದು, ನಕ್ಷೆಯನ್ನು ಎರಡೆರಡು ಸಲ ನೋಡಿ, ಜಲ್ಲಿ ಹರಡಿದ ಬಯಲೊಂದರ ಬದಿಯಲ್ಲಿ ಕಾರು ನಿಲ್ಲಿಸಿದೆವು. ಹುಡುಗ ಡ್ರೋನನ್ನು ನೇರ ಮರಳಿನ ಮೇಲಿಟ್ಟು ಬಟನ್ ಒತ್ತಿದ. ಮೊಣಕಾಲೆತ್ತರಕ್ಕೆ ಏರುವಷ್ಟರಲ್ಲಿ ಕೆಳಗೆ ಹಳದಿ ಹೊಗೆಯಂತೆ ಮರಳೆದ್ದಿತು.

ಎಷ್ಟು ಗಾಳಿಗೆ ಮರಳು ಏಳುತ್ತದೆ ಎಂಬುದನ್ನು ಅಳೆದವನು ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನೆಯ ಎಂಜಿನಿಯರ್. 1920, 30ರ ದಶಕಗಳಲ್ಲಿ ಲಿಬಿಯಾದ ಮರುಭೂಮಿಯಲ್ಲಿ ಫೋರ್ಡ್ ಕಾರು ಓಡಿಸಿಕೊಂಡು ತಿರುಗಿದ ಹುಚ್ಚ. ಲಂಡನ್ನಿಗೆ ಮರಳಿ ಗಾಳಿಸುರಂಗದಲ್ಲಿ ಮರಳು ತುಂಬಿ ಪ್ರಯೋಗ ಮಾಡಿದ. 1941ರಲ್ಲಿ ಅವನು ಬರೆದ ಪುಸ್ತಕವನ್ನು ಮಂಗಳದ ಮರಳುದಿಬ್ಬಗಳನ್ನು ಅಧ್ಯಯನ ಮಾಡುವವರು ಇಂದಿಗೂ ತೆರೆಯುತ್ತಾರೆ. ಅವನು ತೋರಿಸಿದ ಮುಖ್ಯ ಸಂಗತಿ: ಮರಳು ತೇಲುವುದಿಲ್ಲ, ನೆಗೆಯುತ್ತದೆ. ಗಾಳಿ ಒಂದು ಕಾಳನ್ನು ಎತ್ತಿ ಎಸೆಯುತ್ತದೆ, ಅದು ಬಿದ್ದ ಏಟಿಗೆ ಇನ್ನಷ್ಟು ಕಾಳು ಎಗರುತ್ತವೆ. ಹುರಿಯುವ ಬಾಣಲೆಯ ಸಾಸಿವೆಯಂತೆ. ಇದು ಶುರುವಾಗಲು ಬೇಕಾದ ಗಾಳಿಯ ವೇಗ ಸಾಧಾರಣ ಮರಳಿಗೆ ಸೆಕೆಂಡಿಗೆ 5-6 ಮೀಟರ್.

ಈಗ ಡ್ರೋನಿನ ಲೆಕ್ಕ. 249 ಗ್ರಾಂ ತೂಕವನ್ನು ಗಾಳಿಯಲ್ಲಿ ನಿಲ್ಲಿಸಬೇಕಾದರೆ ಅಷ್ಟೇ ಬಲದಿಂದ ಗಾಳಿಯನ್ನು ಕೆಳಕ್ಕೆ ತಳ್ಳಬೇಕು. ಗೇಣಿಗಿಂತ ಚಿಕ್ಕ ನಾಲ್ಕು ರೆಕ್ಕೆಗಳು ಆ ಕೆಲಸ ಮಾಡುವಾಗ ಅವುಗಳ ಮಟ್ಟದಲ್ಲಿ ಗಾಳಿ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಇಳಿಯುತ್ತದೆ, ಇನ್ನೂ ಕೆಳಗೆ ಆ ಹರಿವು ಕಿರಿದಾಗಿ 10 ಮೀಟರಿನ ಹತ್ತಿರ ಮುಟ್ಟುತ್ತದೆ. ಬ್ಯಾಗ್ನಾಲ್ಡನ ಮಿತಿಯನ್ನು ದಾಟಲು ಧಾರಾಳ ಸಾಕು. ಅಂದರೆ ಮರಳಿನಿಂದ ಏರುವ ಪ್ರತಿ ಡ್ರೋನೂ ತನ್ನ ಬಿರುಗಾಳಿಯನ್ನು ತಾನೇ ಹೊತ್ತು ತರುತ್ತದೆ, ಅದರಲ್ಲೇ ಮೀಯುತ್ತದೆ. ಮರಳಿನ ಬಹುಪಾಲು ಬೆಣಚು, ಕ್ಯಾಮೆರಾದ ಗಾಜಿಗಿಂತ ಗಡುಸು.

ಕೆಳಗಿಳಿಸಿದ ಮೇಲೆ ಮೋಟಾರಿನೊಳಗೆ ಕಪ್ಪು ಮೀಸೆ ಮೂಡಿದ್ದನ್ನು ಹುಡುಗ ತೋರಿಸಿದ. ಉಫ್ ಎಂದು ಊದಿದ, ಹೋಗಲಿಲ್ಲ. ನನಗೆ ನಗು ಬಂತು. ಹೊಳೆದಂಡೆಯ ಉಸುಕಿನಲ್ಲಿ ದಾರ ಕಟ್ಟಿದ ಆಯಸ್ಕಾಂತ ಎಳೆದು ಕರಿಪುಡಿ ಕೂಡಿಸಿ, ಕಾಗದದ ಮೇಲೆ ಅದನ್ನು ಕುಣಿಸಿದ್ದು ನೆನಪಿಲ್ಲದ ಕನ್ನಡ ಶಾಲೆಯ ಮಕ್ಕಳುಂಟೆ? ಅದೇ ಮ್ಯಾಗ್ನಟೈಟ್. ಮೋಟಾರಿನಲ್ಲಿರುವುದು ನಿಯೋಡಿಮಿಯಮ್ಮಿನ ಬಲಿಷ್ಠ ಆಯಸ್ಕಾಂತ, ಊದಿದರೆ ಎಲ್ಲಿ ಬಿಟ್ಟೀತು? ಅಂಟುಪಟ್ಟಿಯನ್ನು ಬೆರಳಿಗೆ ತಿರುವಿ ಸುತ್ತಿ, ಒಂದೊಂದೇ ಎಳೆ ಒತ್ತಿ ತೆಗೆದೆವು. ಅರ್ಧ ಗಂಟೆ ಹಿಡಿಯಿತು. ಆಮೇಲೆ ಕಾರಿನ ರಬ್ಬರ್ ಚಾಪೆಯನ್ನು ಹಾಸಿ ಅದರ ಮೇಲಿಂದ ಹಾರಿಸಿದೆವು. ಇದೇ ಮ್ಯಾಗ್ನಟೈಟ್ ಬಂಡೆಯಲ್ಲಿ ಹೆಚ್ಚಿದ್ದರೆ ಡ್ರೋನಿನ ದಿಕ್ಸೂಚಿಗೂ ತಲೆ ತಿರುಗುತ್ತದೆ. ಕಾರಿನ ಬಾನೆಟ್ ಮೇಲಿಂದ ಹಾರಿಸುವುದು ಅದಕ್ಕಿಂತ ಕೆಟ್ಟ ಅಭ್ಯಾಸ, ಅಷ್ಟು ಕಬ್ಬಿಣದ ಮೇಲೆ ಉತ್ತರ ಯಾವುದೆಂದು ಅದಕ್ಕೆ ತಿಳಿಯದು.

ಬಿಸಿಲಿನ ವಿಷಯದಲ್ಲಿ ಎಲ್ಲರೂ ಹೆದರುವುದು ಗಾಳಿ ತೆಳುವಾಗುತ್ತದೆ ಎಂದು. ಆಗುತ್ತದೆ, ನಿಜ: 15 ಡಿಗ್ರಿ ಸೆಲ್ಸಿಯಸ್‌ಗಿಂತ 45 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ ಶೇಕಡಾ ಹತ್ತರಷ್ಟು ಕಡಿಮೆ. ಅದೇ ತೂಕ ಎತ್ತಲು ಸುಮಾರು ಶೇಕಡಾ 5 ಹೆಚ್ಚು ಶಕ್ತಿ ಬೇಕು, ಮಹಾ ಎಂದರೆ ಒಂದೆರಡು ನಿಮಿಷದ ಹಾರಾಟ ನಷ್ಟ. ನಿಜವಾದ ತಂಟೆ ಬ್ಯಾಟರಿಯದು. ಇಂಥ ಡ್ರೋನುಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಮಿತಿ 40 ಡಿಗ್ರಿ. ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ಗಾಳಿಯ ಉಷ್ಣತೆಯೇ 56.7 ಡಿಗ್ರಿ ದಾಖಲಾಗಿತ್ತು, 1972ರಲ್ಲಿ ನೆಲದ್ದು 93.9. ಅಂಥ ನೆಲದ ಮೇಲಿಟ್ಟ ಲಿಥಿಯಂ ಬ್ಯಾಟರಿ ಹಾರುವ ಮೊದಲೇ ಬೇಯತೊಡಗುತ್ತದೆ. ಆದರೆ ಅದಕ್ಕೂ ಮೊದಲು ಕೈಕೊಡುವುದು, ಯಾರೂ ಯೋಚಿಸದ ಇನ್ನೊಂದು ವಸ್ತು, ರಿಮೋಟಿಗೆ ಸಿಕ್ಕಿಸಿದ ಫೋನ್. ಐಫೋನಿಗೆ ಅದರ ಕಂಪನಿ ಹೇಳುವ ಮಿತಿ 35 ಡಿಗ್ರಿ. ಬಿಸಿಲಿಗೆ ಮುಖವೊಡ್ಡಿ, ಪರದೆಯ ಬೆಳಕು ಪೂರ್ತಿ ಏರಿಸಿಕೊಂಡ ಫೋನ್ ಅದನ್ನು ಬೇಗ ದಾಟುತ್ತದೆ. ನಮ್ಮ ಫೋನ್ ಮಾರ್ಚ್‌ನ ಬಿಸಿಲಿಗೇ, ಹನ್ನೊಂದು ಗಂಟೆಗೆ, ಪರದೆ ಮಂಕಾಗಿಸಿಕೊಂಡು ಆಮೇಲೆ ಕಪ್ಪಾಯಿತು. ಡ್ರೋನ್ ಆಗ ಗಾಳಿಯಲ್ಲಿತ್ತು.

ಹುಡುಗ ಆಕಾಶದಲ್ಲಿ ಅದನ್ನು ಹುಡುಕತೊಡಗಿದ. ಕಣ್ಣಳತೆಯ ನಿಯಮ ಯಾಕಿದೆ ಎಂದು ನಾನು ವಿವರಿಸಬೇಕಾಗಲಿಲ್ಲ. ಒಳ್ಳೆಯ ಕಣ್ಣಿಗೆ 25 ಸೆಂಟಿಮೀಟರಿನ ವಸ್ತು 860 ಮೀಟರ್ ದೂರದಲ್ಲಿ ಕೇವಲ ಒಂದು ಚುಕ್ಕಿ. ಅದರ ಮೂತಿ ಯಾವ ಕಡೆಗಿದೆ ಎಂದು ತಿಳಿಯಬೇಕಾದರೆ 200 ಮೀಟರಿನೊಳಗಿರಬೇಕು. ಸುತ್ತ ಮರವಿಲ್ಲ, ಕಂಬವಿಲ್ಲ, ದೂರ ಅಳೆಯಲು ಕಣ್ಣಿಗೆ ಒಂದು ಊರೆಗೋಲಿಲ್ಲ. ಬಿಸಿಲ್ಗುದುರೆ ಎದ್ದರಂತೂ ಚುಕ್ಕಿ ಯಾವುದು, ಅಲೆ ಯಾವುದು?

ಅಷ್ಟರಲ್ಲಿ ಗಾಳಿ ಬೇರೆ. ಹೊತ್ತೇರಿದಂತೆ ಕಾದ ನೆಲ ಮೇಲಿನ ಗಾಳಿಯನ್ನು ಕೆದಕುತ್ತದೆ, ಮಧ್ಯಾಹ್ನದ ಹೊತ್ತಿಗೆ ಧೂಳಿನ ಸುಂಟರಗಾಳಿಗಳು ಬಯಲಿನಲ್ಲಿ ನಡೆದಾಡುತ್ತವೆ. ನೆಲದಲ್ಲಿ ನಿಂತ ನಮಗೆ ಹಿತವೆನಿಸಿದ ಗಾಳಿ ನೂರು ಮೀಟರ್ ಮೇಲೆ ಬಿರುಸಾಗಿರುತ್ತದೆ, ತಡೆಯಲು ಮರೆ ಇಲ್ಲವಲ್ಲ. ಸೆಕೆಂಡಿಗೆ 13 ಮೀಟರ್ ಹಾರಬಲ್ಲ ಡ್ರೋನ್ 8 ಮೀಟರಿನ ಗಾಳಿಯ ಜತೆಗೆ ಹೋದರೆ 500 ಮೀಟರ್ ದಾಟಲು 24 ಸೆಕೆಂಡ್ ಸಾಕು. ಅದೇ ದಾರಿಯಲ್ಲಿ ಎದುರುಗಾಳಿಗೆ ಮರಳಲು 100 ಸೆಕೆಂಡ್ ಬೇಕು. ಹೋಗುವಾಗ ತವರಿಗೆ ಹೊರಟಂತೆ, ಬರುವಾಗ ಏರಿ ಹತ್ತಿದಂತೆ. ಅದಕ್ಕೇ ತಿಳಿದವರು ಮೊದಲು ಎದುರುಗಾಳಿಗೆ ಕಳಿಸುತ್ತಾರೆ, ದಣಿದ ಬ್ಯಾಟರಿಗೆ ಮರಳುವ ದಾರಿಯಲ್ಲಿ ಗಾಳಿಯ ಸಹಾಯ ಉಳಿಸುತ್ತಾರೆ. ನಾವು ಹಾಗೆ ಮಾಡಿರಲಿಲ್ಲ.

ಸಂಪರ್ಕ ತಪ್ಪಿದ ಡ್ರೋನ್ ತಾನಾಗಿ ಮನೆಗೆ ಹೊರಟಿತು. ಜಿಪಿಎಸ್‌ನಿಂದ ದಾರಿ ಸಿಗುತ್ತದೆ. ಆದರೆ ಎದುರುಗಾಳಿಯಲ್ಲಿ ಬ್ಯಾಟರಿ ಅರ್ಧದಾರಿಗೇ ಮುಗಿಯುತ್ತ ಬಂದು, ಎಲ್ಲಿದೆಯೋ ಅಲ್ಲೇ ಇಳಿಯತೊಡಗಿತು. ನೆಲದ ಹತ್ತಿರ ಅದು ನೆಚ್ಚುವುದು ಹೊಟ್ಟೆಯಡಿಯ ಕ್ಯಾಮೆರಾವನ್ನು. ಕಲ್ಲು, ಹುಲ್ಲು, ಬಿರುಕು ಏನಾದರೂ ಗುರುತು ಹಿಡಿದು, ಅದು ಜರುಗಿದರೆ ತಾನು ಜರುಗಿದೆ ಎಂದು ತಿಳಿಯುತ್ತದೆ. ಒಂದೇ ಬಣ್ಣದ ನುಣುಪು ಮರಳಿನಲ್ಲಿ ಹಿಡಿಯಲು ಗುರುತೇ ಇಲ್ಲ.

ನಮ್ಮದು ಬಡಪಾಯಿ ಡ್ರೋನ್. ಇದೇ ತೊಂದರೆ ಲೋಕಪ್ರಸಿದ್ಧ ಡ್ರೋನೊಂದನ್ನೂ ಕೆಡವಿದೆ. ನಾಸಾದ ಇಂಜೆನ್ಯುಯಿಟಿ 2021ರ ಏಪ್ರಿಲ್ 19ರಂದು ಮಂಗಳದ ಮರುಭೂಮಿಯಲ್ಲಿ ಮೊದಲ ಸಲ ಎದ್ದಿತು. ಭೂಮಿಯ ನೂರರಲ್ಲೊಂದು ಪಾಲಿನಷ್ಟೇ ಸಾಂದ್ರವಾದ ಗಾಳಿಯಲ್ಲಿ 1.8 ಕಿಲೋ ತೂಕವನ್ನು ಎತ್ತಲು 1.2 ಮೀಟರ್ ಅಗಲದ ರೆಕ್ಕೆಗಳನ್ನು ನಿಮಿಷಕ್ಕೆ 2,400 ಸುತ್ತಿನ ಆಸುಪಾಸಿನಲ್ಲಿ ತಿರುಗಿಸಿತು. ಅದರ ಮುಖ್ಯ ಎಂಜಿನಿಯರ್ ಬಾಬ್ ಬಲರಾಮ್ ಓದಿದ್ದು ನಮ್ಮ ಗಡಿಗೆ ಹತ್ತಿರದ ಮದನಪಲ್ಲಿಯ ರಿಷಿ ವ್ಯಾಲಿ ಶಾಲೆಯಲ್ಲಿ. ಐದು ಸಲ ಹಾರಿದರೆ ಸಾಕು ಎಂದುಕೊಂಡದ್ದು 72 ಸಲ ಹಾರಿತು. 2024ರ ಜನವರಿ 18ರ ಕೊನೆಯ ಹಾರಾಟದಲ್ಲಿ ಕೆಳಗಿದ್ದದ್ದು ನುಣುಪಾದ ಮರಳಿನ ಅಲೆಗಳು. ಕ್ಯಾಮೆರಾಗೆ ಹಿಡಿಯಲು ಸಾಕಷ್ಟು ಗುರುತು ಸಿಗಲಿಲ್ಲ, ವೇಗದ ಅಂದಾಜು ತಪ್ಪಿತು, ಇಳಿಯುವಾಗ ಪೆಟ್ಟಾಗಿ ರೆಕ್ಕೆ ಮುರಿಯಿತು ಎಂಬುದು ನಂತರದ ತನಿಖೆಯ ನಿರ್ಣಯ. ಮಂಗಳದಲ್ಲಿ ಅದನ್ನು ಹುಡುಕಿ ತರಲು ಯಾರೂ ನಡೆದು ಹೋಗಲಿಲ್ಲ.

ನಾವು ಹೋಗಬೇಕಿತ್ತು.

*

ಡ್ರೋನ್ ನೆಲ ಮುಟ್ಟುವುದಿಲ್ಲ, ಹಾಗಾಗಿ ಜೀಪು, ಬೈಕುಗಳಿಗಿಂತ ನಿರಪಾಯಕಾರಿ ಎಂಬ ವಾದ ಕೇಳಿದ್ದೆ. ಮುಟ್ಟುವುದು ಅದರ ಹಿಂದೆ ಓಡುವ ಯಜಮಾನ. ಕಾಲುದಾರಿ ಬಿಟ್ಟು, ಕಣ್ಣು ಆಕಾಶದಲ್ಲಿಟ್ಟು, ಎಡವುತ್ತ ಓಡುತ್ತಾನೆ.

ನಾವು ನಿಂತಿದ್ದ ಈ ಮೊಹಾವಿ ಮರುಭೂಮಿಯ ಮಣ್ಣಿನ ಮೇಲೆ ಹಲವೆಡೆ ಕಪ್ಪಗೆ ಬೊಕ್ಕೆಬೊಕ್ಕೆಯಾದ ಒಂದು ಪದರವಿರುತ್ತದೆ. ಒಣಗಿದ ಕೆಸರು ಎನ್ನಿಸುತ್ತದೆ, ಅದು ಜೀವ. ಸಯನೋಬ್ಯಾಕ್ಟೀರಿಯಾಗಳ ಸೂಕ್ಷ್ಮ ಎಳೆಗಳು ಮರಳಿನ ಕಾಳುಗಳನ್ನು ನೇಯ್ದು ಹಿಡಿದಿರುತ್ತವೆ. ಅದರ ಮೇಲೆ ಕಲ್ಲುಹೂವು, ಪಾಚಿ. ಮಣ್ಣು ಗಾಳಿಗೆ ಹಾರದಂತೆ ತಡೆಯುವುದು, ಗಾಳಿಯ ಸಾರಜನಕವನ್ನು ಮಣ್ಣಿಗಿಳಿಸುವುದು ಇದರ ಕೆಲಸ. ಮಳೆ ಬಂದ ಕೆಲವೇ ದಿನಗಳಲ್ಲಿ ಮಾತ್ರ ಬೆಳೆಯುವುದರಿಂದ ಒಂದು ಹೆಜ್ಜೆ ಪುಡಿ ಮಾಡಿದ್ದು ಕೂಡಿಕೊಳ್ಳಲು ದಶಕಗಳು ಬೇಕು. 1942ರಿಂದ 1944ರವರೆಗೆ ಈ ಮರುಭೂಮಿಗಳಲ್ಲಿ ಜನರಲ್ ಪ್ಯಾಟನ್ ಶುರುಮಾಡಿದ ಸೇನಾ ತರಬೇತಿ ನಡೆಯಿತು. ಅಂದಿನ ಟ್ಯಾಂಕುಗಳ ಚಕ್ರದ ಗೆರೆಗಳು ಕೆಲವು ಕಡೆ ಇನ್ನೂ ಕಾಣುತ್ತವೆ. ಮರೆ ಇಲ್ಲದ ಈ ನೆಲಕ್ಕೆ ಮರೆವೂ ಇಲ್ಲ.

ಪೊದೆಗಳ ಬುಡದಲ್ಲಿ ಇನ್ನೊಬ್ಬರಿರುತ್ತಾರೆ, ಮರುಭೂಮಿ ಆಮೆ. 1990ರಿಂದ ಕಾನೂನಿನ ರಕ್ಷಣೆಯಲ್ಲಿದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಮೂತ್ರಕೋಶದಲ್ಲೇ ತಿಂಗಳುಗಟ್ಟಲೆ ಕಾಪಿಟ್ಟು, ಬೇಸಿಗೆಯಲ್ಲಿ ಅದನ್ನೇ ಮತ್ತೆ ಬಳಸುತ್ತದೆ. ಯಾರಾದರೂ ಅಕ್ಕರೆಯಿಂದ ಎತ್ತಿಕೊಂಡರೆ ಹೆದರಿ ಅಷ್ಟನ್ನೂ ಸುರಿಸಿಬಿಡುತ್ತದೆ. ಆ ವರ್ಷದ ನೀರು ಅಲ್ಲಿಗೆ ಮುಗಿಯಿತು, ಮುಂದಿನ ಮಳೆಯವರೆಗೆ ಅದು ಉಳಿಯದೆಯೂ ಹೋಗಬಹುದು.

ಫೋನ್ ತಣ್ಣಗಾದ ಮೇಲೆ ಡ್ರೋನ್ ಕಡೆಯದಾಗಿ ಇದ್ದ ಜಾಗ ನಕ್ಷೆಯಲ್ಲಿ ಕಂಡಿತು. ನೇರ ಹೋದರೆ ಮುನ್ನೂರು ಹೆಜ್ಜೆ. ಹುಡುಗ ಓಡಲು ಅಣಿಯಾದ. ಭುಜ ಹಿಡಿದು ನಿಲ್ಲಿಸಿ, ಬಲಗಡೆಯ ಒಣಹಳ್ಳ ತೋರಿಸಿದೆ. ಮಳೆಯಾದಾಗ ನೀರು ಹರಿದು ಹೇಗೂ ಕಲಕುವ ಜಾಗ ಅದು, ಅಲ್ಲಿ ಪದರ ಬೆಳೆಯುವುದಿಲ್ಲ. ಹಳ್ಳದ ಪಾತ್ರದಲ್ಲಿ ಸುತ್ತಿ, ಜಲ್ಲಿ ಇರುವಲ್ಲಿ ಜಲ್ಲಿಯ ಮೇಲೆ, ಕಲ್ಲಿರುವಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ಒಬ್ಬರ ಹಿಂದೊಬ್ಬರು ನಡೆದೆವು. ಮುಕ್ಕಾಲು ಗಂಟೆಯಾಯಿತು. ಡ್ರೋನ್ ಒಂದು ಕ್ರಿಯೋಸೋಟ್ ಪೊದೆಯ ಆಚೆ ಮಗುಚಿ ಬಿದ್ದಿತ್ತು, ಒಂದು ರೆಕ್ಕೆ ಮುರಿದಿತ್ತು. ಅದಕ್ಕೂ ಹಳ್ಳಕ್ಕೂ ನಡುವೆ ಹತ್ತು ಹನ್ನೆರಡು ಮಾರು ಕಪ್ಪು ಪದರವೇ. ಬೇರೆ ದಾರಿ ಇರಲಿಲ್ಲ. “ನೀನಿರು, ನಾನೊಬ್ಬನೇ ಹೋಗ್ತೀನಿ” ಎಂದೆ. “ಬೇಡ ಮಾವ, ನಿಮ್ಮ ಕಾಲು ದೊಡ್ಡದು” ಎಂದು ಅವನೇ ಶೂ ಬಿಚ್ಚಿ ಹೋದ. ಬರುವಾಗ ಹೋದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಬಂದ.

ಸಂಜೆ ರೆಕ್ಕೆ ಬದಲಿಸಿ, ಗಾಳಿ ಬಿದ್ದ ಮೇಲೆ, ಚಾಪೆಯ ಮೇಲಿಂದ ಇನ್ನೊಮ್ಮೆ ಏರಿಸಿದ. ಈ ಸಲ ಕಾರಿನ ನೆರಳಲ್ಲಿ ನಿಂತು, ಕಣ್ಣಳತೆ ಬಿಡದೆ, ಐದು ನಿಮಿಷ. ರಾತ್ರಿ ಮೋಟೆಲಿನಲ್ಲಿ ಆ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದವನು ನನ್ನನ್ನು ಕರೆದ. ಬಯಲು, ಹಳ್ಳ, ಪೊದೆಗಳ ಚುಕ್ಕೆ, ಪೊದೆಗಳ ಉದ್ದ ನೆರಳು. ಹಳ್ಳದ ಅಂಚಿನಿಂದ ಒಂದು ಪೊದೆಯವರೆಗೆ, ಕರಿ ಬಟ್ಟೆಗೆ ಬಿಳಿ ದಾರದಲ್ಲಿ ಹಾಕಿದ ಹೊಲಿಗೆಯಂತೆ, ಹತ್ತೊಂಬತ್ತು ಹೆಜ್ಜೆ. ಅವನು ಎಣಿಸಿದ್ದ.